ಮಗ್ಗದ ಅದುರು, ಕೈಯ ಅದುರು

ದೇಹದ ಚಲನೆ ಅಳೆಯುವ ಕೈಪಟ್ಟಿ, ಸೊಂಟಪಟ್ಟಿಗಳನ್ನು ರೂಪಿಸುತ್ತಿರುವ ಬೆಂಗಳೂರಿನ ಎಂಜಿನಿಯರರಿಗೆ ಒಂದು ಬಹಿರಂಗ ಪತ್ರ



ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ವಿದ್ಯುತ್ ಮಗ್ಗ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಮನೆಯೊಳಗೆ ಕಾಲಿಟ್ಟರೆ ಪಾದಕ್ಕೂ ತಿಳಿಯುತ್ತದೆ. ನೆಲ ಸಣ್ಣಗೆ ಅದುರುತ್ತಿರುತ್ತದೆ, ಗೋಡೆಯ ಗೂಡಿನಲ್ಲಿಟ್ಟ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿರುತ್ತವೆ. ಅಂಥದೊಂದು ಮನೆಯಲ್ಲಿ ಅರವತ್ತು ದಾಟಿದ ನೇಕಾರರೊಬ್ಬರನ್ನು ಕಲ್ಪಿಸಿಕೊಳ್ಳಿ. ಹಾಸಿನಲ್ಲಿ ತುಂಡಾದ ಎಳೆಯನ್ನು ಎರಡು ಬೆರಳಲ್ಲಿ ಹೊಸೆದು ಕೂಡಿಸುವುದು ಅವರಿಗೆ ನಲವತ್ತು ವರ್ಷಗಳ ಅಭ್ಯಾಸ, ಕಣ್ಣು ಮುಚ್ಚಿ ಮಾಡುವ ಕೆಲಸ. ಈಚೆಗೆ ಎಳೆ ಕೂಡುತ್ತಿಲ್ಲ. ಬಲಗೈ ನಿಧಾನವಾಗಿದೆ. ಸುಮ್ಮನೆ ಕುಳಿತಾಗ ಹೆಬ್ಬೆರಳು ತೋರುಬೆರಳಿನ ಮೇಲೆ ಕಾಣದ ಗುಳಿಗೆಯೊಂದನ್ನು ಉರುಳಿಸುತ್ತಿರುವಂತೆ ಆಡುತ್ತದೆ. ಮನೆಯವರು ವಯಸ್ಸಾಯಿತು ಅನ್ನುತ್ತಾರೆ. ಬೀದಿಯಲ್ಲಿ ಯಾರೋ ಕುಡಿತದ ಮಾತು ತೆಗೆಯುತ್ತಾರೆ.

ಆ ಕೈಗೆ ನೀವು ಮಾಡಿದ ಪಟ್ಟಿಯನ್ನು ಕಟ್ಟಿದರೆ ಅದು ಅಳೆಯುವುದು ಯಾವ ಅದುರನ್ನು? ಕೈಯದನ್ನೋ, ಮಗ್ಗದ್ದನ್ನೋ?

ಲೆಕ್ಕ ಸುಲಭ. ಆ ಕೈಯ ಲಕ್ಷಣಗಳು ಬೊಟ್ಟು ಮಾಡುವ ಪಾರ್ಕಿನ್ಸನ್ಸ್ ಕಾಯಿಲೆಯಲ್ಲಿ ವಿಶ್ರಾಂತಿಯಲ್ಲಿರುವ ಕೈ ಸಾಮಾನ್ಯವಾಗಿ ಸೆಕೆಂಡಿಗೆ 4ರಿಂದ 6 ಸಲ ನಡುಗುತ್ತದೆ. ನಿಮಿಷಕ್ಕೆ 120 ಸಲ ಬಡಿಯುವ ಮಗ್ಗವೊಂದು ಸೆಕೆಂಡಿಗೆ 2 ಸಲ ಬಡಿದಂತಾಯಿತು. ಅಂಥ ಬಡಿತದ ಜೊತೆಗೆ ಅದರ ದುಪ್ಪಟ್ಟು, ಮುಪ್ಪಟ್ಟು ವೇಗದ ಸಣ್ಣ ಕಂಪನಗಳೂ ಹುಟ್ಟುತ್ತವೆ. ಅಂದರೆ 4 ಮತ್ತು 6. ನಿಮ್ಮ ಸಾಫ್ಟ್‌ವೇರು ನಡುಕವನ್ನು ಹುಡುಕುವ ಕಿಟಕಿಗೆ ಸರಿಯಾಗಿ ಮಗ್ಗ ಬಂದು ನಿಲ್ಲುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಿ ಮೊಪೆಡ್ಡಿನ ಹಿಂದೆ ಕುಳಿತವರ ಕೈ, ಮೊರದಲ್ಲಿ ರಾಗಿ ಕೇರುವವರ ಕೈ, ಹಾಲು ಕರೆಯುವವರ ಕೈ, ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಕಡೆ ರೇಷ್ಮೆ ಬಿಚ್ಚಾಣಿಕೆ ಮಾಡುವವರ ಕೈ, ಇವೆಲ್ಲವೂ ತಮ್ಮದೇ ತಾಳದಲ್ಲಿ ಆಡುವ ಕೈಗಳು. ಪ್ರಯೋಗಾಲಯದ ನುಣುಪು ನೆಲದ ಮೇಲೆ ಶೂ ಹಾಕಿ ನಡೆದವರಿಂದ ಕಲಿತ ಯಂತ್ರಕ್ಕೆ ಇವುಗಳ ಪರಿಚಯವಿಲ್ಲ.

ಹಾಗೆಂದು ಈ ಪತ್ರ ನಿಮ್ಮ ಸಾಧನವನ್ನು ಬೇಡ ಎನ್ನಲು ಬರೆದದ್ದಲ್ಲ. ಅದು ಬೇಕು, ಬೇಗ ಬೇಕು, ಹೊಸಕೋಟೆ, ದೇವನಹಳ್ಳಿ, ನೆಲಮಂಗಲ, ದೊಡ್ಡಬಳ್ಳಾಪುರದ ಹಳ್ಳಿಗಳಿಗೆ ನಗರಕ್ಕಿಂತ ಹೆಚ್ಚಾಗಿ ಬೇಕು. ಏಕೆಂಬುದನ್ನು ತಿಳಿಯಲು ಒಂದು ದಿನದ ಆಸ್ಪತ್ರೆ ಪ್ರಯಾಣವನ್ನು ನೋಡಿದರೆ ಸಾಕು.

ಬೆಳಗಿನ ಜಾವ ಎದ್ದು, ಬಸ್ಸು ಹಿಡಿದು, ಯಲಹಂಕ ದಾಟಿ ಮೆಜೆಸ್ಟಿಕ್ ತಲುಪಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್. ಸಾಲು, ಚೀಟಿ, ಕಾಯುವಿಕೆ. ಕೊನೆಗೆ ವೈದ್ಯರ ಮುಂದೆ ಕೆಲವೇ ನಿಮಿಷ. ವೈದ್ಯರು ಬೆರಳು ಬಡಿಯಲು ಹೇಳುತ್ತಾರೆ, ಮುಷ್ಟಿ ಬಿಚ್ಚಿ ಮಡಚಲು ಹೇಳುತ್ತಾರೆ, ನಡೆಸಿ ನೋಡುತ್ತಾರೆ, ಒಂದೊಂದಕ್ಕೂ 0ಯಿಂದ 4ರ ತನಕ ಅಂಕ ಕೊಡುತ್ತಾರೆ. ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಪದ್ಧತಿಯದು. ತೊಂದರೆಯೆಂದರೆ, ಮನೆಯಲ್ಲಿ ಹೊಸ್ತಿಲ ಬಳಿ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುವ ಮನುಷ್ಯ ವೈದ್ಯರ ಕಣ್ಣೆದುರು ಸರಾಗವಾಗಿ ನಡೆದುಬಿಡುತ್ತಾರೆ. ಯಾರಾದರೂ ನೋಡುತ್ತಿದ್ದಾರೆಂಬ ಎಚ್ಚರವೇ ಕಾಲನ್ನು ಸ್ವಲ್ಪ ಹೊತ್ತು ಬಿಡಿಸುತ್ತದೆ. ಜೊತೆಗೆ ಬಂದ ಸೊಸೆಗೋ ಮಗನಿಗೋ ಮುಖ ಸಣ್ಣದಾಗುತ್ತದೆ. "ಮನೇಲಿ ಹಿಂಗಿರಲ್ಲ ಸಾರ್" ಅನ್ನುತ್ತಾರೆ. ಆ ಮಾತಿಗೆ ಪುರಾವೆ ಇಲ್ಲ.

ಔಷಧದ ಲೆಕ್ಕವೂ ಗಂಟೆಗಳದು. ಈ ಕಾಯಿಲೆಗೆ ಇವತ್ತಿಗೂ ಮುಖ್ಯ ಮದ್ದು ಲೆವೊಡೋಪಾ. ಕಾರ್ಬಿಡೋಪಾ ಜೊತೆ ಕೊಟ್ಟಾಗಲೂ ಅದು ಸುಮಾರು ಒಂದೂವರೆ ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಮೊದಲ ಕೆಲವು ವರ್ಷ ಮಿದುಳು ಅದನ್ನು ಕೂಡಿಟ್ಟು ಹಂಚಿಕೊಳ್ಳುತ್ತದೆ. ಕಾಯಿಲೆ ಬಲಿತಂತೆ ಆ ಶಕ್ತಿ ಕುಗ್ಗಿ, ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೆ ಕೈಕಾಲು ಸಡಿಲವಾಗಿ, ಮುಂದಿನ ಮಾತ್ರೆಗೆ ಮೊದಲೇ ಮತ್ತೆ ಬಿಗಿಯುತ್ತದೆ. ಪ್ರಮಾಣ ಹೆಚ್ಚಾದರೆ ಮೈ ತಾನಾಗಿ ಓಲಾಡತೊಡಗುತ್ತದೆ. ಬಿಗಿತ ಮತ್ತು ಓಲಾಟದ ನಡುವಿನ ಹಾದಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಹೋಗುತ್ತದೆ. ಈ ಎರಡೂ ಇರುವ ಸಿಂಡೋಪಾ ಮಾತ್ರೆಯನ್ನು ಅರ್ಧ ಹೆಚ್ಚಿಸಬೇಕೋ, ಹೊತ್ತನ್ನು ಮುಂದೂಡಬೇಕೋ, ಇಡೀ ದಿನದ ಪ್ರಮಾಣವನ್ನು ಐದು ಸಲಕ್ಕೆ ಹಂಚಬೇಕೋ ಎಂದು ತೀರ್ಮಾನಿಸಲು ವೈದ್ಯರಿಗೆ ಇಡೀ ದಿನದ ಚಿತ್ರ ಬೇಕು. ಅವರಿಗೆ ಸಿಗುವುದು ಬೆಳಗ್ಗೆ ಹನ್ನೊಂದೂವರೆಯ ಒಂದು ತುಣುಕು, ಅದೂ ಮೂರು ತಿಂಗಳಿಗೊಮ್ಮೆ.

ಅರ್ಧರ್ಧ ಗಂಟೆಗೆ ಗುರುತು ಹಾಕುವ ಕಾಗದದ ದಿನಚರಿ ಇದೆ, ನಿಜ. ಬಿಗಿದ ಕೈಯಲ್ಲಿ ಪೆನ್ನು ಹಿಡಿದು ಅದನ್ನು ತುಂಬಬೇಕಾದವರು ಕಾಯಿಲೆಯವರೇ. ಎರಡನೇ ದಿನಕ್ಕೆ ಮರೆಯುತ್ತದೆ, ಮೂರನೇ ದಿನ ಇಡೀ ಪುಟವನ್ನು ಸಂಜೆ ಒಂದೇ ಸಲ ನೆನಪಿನಿಂದ ತುಂಬುತ್ತಾರೆ.

ಜೇಮ್ಸ್ ಪಾರ್ಕಿನ್ಸನ್ ಎಂಬ ಲಂಡನ್ ವೈದ್ಯರು 1817ರಲ್ಲಿ ಈ ಕಾಯಿಲೆಯ ಬಗ್ಗೆ ಕಿರುಪುಸ್ತಕ ಬರೆದಾಗ ಅವರ ಕೈಯಲ್ಲಿದ್ದದ್ದು ಆರು ಜನರ ವಿವರ. ಅವರಲ್ಲಿ ಇಬ್ಬರು ಬೀದಿಯಲ್ಲಿ ಎದುರಾದವರು, ಮತ್ತೊಬ್ಬರನ್ನು ಪಾರ್ಕಿನ್ಸನ್ ದೂರದಿಂದ ಕಂಡದ್ದಷ್ಟೆ. ಅಂದರೆ ಜಗತ್ತು ಈ ಕಾಯಿಲೆಯನ್ನು ಗುರುತಿಸಲು ಕಲಿತದ್ದರಲ್ಲಿ ಅರ್ಧ ಪಾಲು ಆಸ್ಪತ್ರೆಯ ಹೊರಗೆ, ತಮ್ಮ ಪಾಡಿಗೆ ನಡೆದು ಹೋಗುತ್ತಿದ್ದ ಮನುಷ್ಯರಿಂದ. ಮುಂದೆ ಪ್ಯಾರಿಸ್ಸಿನ ನರವೈದ್ಯ ಶಾರ್ಕೊ ಈ ಕಾಯಿಲೆಗೆ ಪಾರ್ಕಿನ್ಸನ್ ಹೆಸರನ್ನೇ ಇಟ್ಟರು. ನಾಡಿ ಬಡಿತ ದಾಖಲಿಸುವ ಉಪಕರಣವನ್ನು ಮಾರ್ಪಡಿಸಿ ಮಣಿಕಟ್ಟಿನ ನಡುಕವನ್ನು ಕಾಗದದ ಮೇಲೆ ಗೀಚಿಸಿದವರೂ ಅವರೇ. ನಿಮ್ಮ ಕೈಪಟ್ಟಿಯ ಮುತ್ತಜ್ಜ ಆ ಉಪಕರಣ. ರೈಲಿನಲ್ಲೋ ಕುದುರೆಗಾಡಿಯಲ್ಲೋ ದೂರ ಪ್ರಯಾಣ ಮಾಡಿ ಬಂದ ರೋಗಿಗಳು ಸ್ವಲ್ಪ ಹಗುರಾದೆವೆಂದು ಹೇಳುವುದನ್ನು ಕೇಳಿ ಶಾರ್ಕೊ ಅದುರುವ ಕುರ್ಚಿಯನ್ನೂ ಮಾಡಿಸಿದ್ದರು. ಹೊರಗಿನ ಅದುರಿಗೂ ಒಳಗಿನ ಅದುರಿಗೂ ಏನು ಸಂಬಂಧ ಎಂಬ ಪ್ರಶ್ನೆ ಮಗ್ಗದ ಮನೆಗೆ ಬರುವ ಬಹಳ ಮೊದಲೇ ಎದ್ದದ್ದು.

ಈಗಿನ ಸಾಧನಗಳ ವಿಚಾರ ನಿಮಗೆ ಹೇಳಬೇಕಾದ್ದಲ್ಲ, ಆದರೆ ಪತ್ರವನ್ನು ಓದುತ್ತಿರುವ ಮನೆಯವರಿಗಾಗಿ ಎರಡು ಮಾತು. ಉಗುರಿಗಿಂತ ಚಿಕ್ಕ ಚಿಪ್ಪಿನೊಳಗೆ ಸಿಲಿಕಾನಿನ ಸೂಕ್ಷ್ಮ ಸ್ಪ್ರಿಂಗುಗಳಿಗೆ ತೂಗುಬಿಟ್ಟ ಒಂದು ತುಣುಕು ಇರುತ್ತದೆ. ಕೈ ಆಡಿದಂತೆ ಅದು ಎಳೆಯಷ್ಟು ಸರಿಯುತ್ತದೆ, ಆ ಸರಿದಾಟವನ್ನು ವಿದ್ಯುತ್ತು ಅಂಕಿಯಾಗಿಸುತ್ತದೆ. ಮೂರು ದಿಕ್ಕಿನ ಚಲನೆ, ಮೂರು ದಿಕ್ಕಿನ ತಿರುಗುವಿಕೆ, ಸೆಕೆಂಡಿಗೆ ಹತ್ತಾರು ಸಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇಂಥ ಬಿಡಿಭಾಗ ಕೆಲವು ನೂರು ರೂಪಾಯಿಗೇ ಸಿಗುತ್ತದೆ. ಬೆಲೆ ಇರುವುದು ಆ ಅಂಕಿಗಳ ಅರ್ಥ ಬಿಡಿಸುವ ಕೆಲಸಕ್ಕೆ.

ಆ ಕೆಲಸವನ್ನು ಮೊದಲು ಗಟ್ಟಿಯಾಗಿ ಮಾಡಿ ತೋರಿಸಿದವರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನವರಿದ್ದಾರೆ. ಅವರ ಪರ್ಸನಲ್ ಕೈನೆಟಿಗ್ರಾಫ್ ಎಂಬ ಕೈಪಟ್ಟಿಯನ್ನು ಕಾಯಿಲೆ ಹೆಚ್ಚಿರುವ ಕಡೆಯ ಮಣಿಕಟ್ಟಿಗೆ ಕೆಲವು ದಿನ ಬಿಡದೆ ಕಟ್ಟುತ್ತಾರೆ. ಎರಡೆರಡು ನಿಮಿಷಕ್ಕೆ ಅದು ಚಲನೆಯ ನಿಧಾನಕ್ಕೊಂದು, ಓಲಾಟಕ್ಕೊಂದು ಅಂಕ ಕೊಡುತ್ತದೆ, ಮಾತ್ರೆಯ ಹೊತ್ತಿಗೆ ಮಣಿಕಟ್ಟಿನಲ್ಲಿ ಗುಂಯ್‌ಗುಟ್ಟಿ ನೆನಪಿಸುತ್ತದೆ, ನುಂಗಿದ್ದನ್ನು ದಾಖಲಿಸಿಕೊಳ್ಳುತ್ತದೆ. ಚಿಕಿತ್ಸೆಗಳನ್ನು ಪರಿಶೀಲಿಸಿ ಶಿಫಾರಸು ಮಾಡುವ ಬ್ರಿಟನ್ನಿನ ನೈಸ್ ಸಂಸ್ಥೆ 2023ರ ಜನವರಿಯಲ್ಲಿ ಇದನ್ನೂ ಸೇರಿಸಿ ಐದು ಸಾಧನಗಳಿಗೆ ಷರತ್ತಿನ ಒಪ್ಪಿಗೆ ಕೊಟ್ಟಿತು. ಅವುಗಳಲ್ಲಿ ಸ್ಟ್ಯಾಟ್-ಆನ್ ಸೊಂಟಕ್ಕೆ ಕಟ್ಟುವಂಥದು. ವೈದ್ಯರು ನೋಡಿದ ಮೇಲೂ ಚಿಕಿತ್ಸೆಯ ತೀರ್ಮಾನಕ್ಕೆ ಇನ್ನಷ್ಟು ಮಾಹಿತಿ ಬೇಕೆನಿಸಿದಾಗ ಬಳಸಬಹುದು, ಜೊತೆಜೊತೆಗೆ ಪುರಾವೆಯನ್ನೂ ಸಂಗ್ರಹಿಸುತ್ತ ಹೋಗಬೇಕು ಎಂಬುದು ಆ ಒಪ್ಪಿಗೆಯ ಧಾಟಿ. ವೈದ್ಯರ ಬದಲಿಗೆ ಸಾಧನ ಎಂದು ಅಲ್ಲಿ ಯಾರೂ ಹೇಳಿಲ್ಲ.

ಅದೇ ವರ್ಷ ಇನ್ನೊಂದು ಸುದ್ದಿ ಬಂತು. ಬ್ರಿಟನ್ನಿನಲ್ಲಿ 2013ರಿಂದ 2016ರ ನಡುವೆ ಒಂದು ವಾರ ಕೈಪಟ್ಟಿ ಕಟ್ಟಿಕೊಂಡಿದ್ದ 1,03,712 ಜನರ ದಾಖಲೆಯನ್ನು ಕಾರ್ಡಿಫ್‌ನ ಸಂಶೋಧಕರು ಜಾಲಾಡಿದರು. ಅವರಲ್ಲಿ ಮುಂದೆ ಪಾರ್ಕಿನ್ಸನ್ಸ್ ಬಂದವರ ಚಲನೆಯಲ್ಲಿ, ಕಾಯಿಲೆ ಪತ್ತೆಯಾಗುವುದಕ್ಕೆ ಏಳು ವರ್ಷಗಳಷ್ಟು ಮೊದಲೇ ನಿಧಾನದ ಸುಳಿವು ಇತ್ತಂತೆ. ಇದನ್ನು ಓದಿ ನಿಮ್ಮಲ್ಲಿ ಹಲವರಿಗೆ ಹುಮ್ಮಸ್ಸು ಬಂದಿರಬೇಕು, ಸಹಜ. ಆದರೆ ಕಾಯಿಲೆಯ ಹಾದಿಯನ್ನೇ ತಡೆಯುವ ಮದ್ದು ಕೈಯಲ್ಲಿಲ್ಲದಾಗ ಏಳು ವರ್ಷ ಮೊದಲೇ ಗೊತ್ತಾಗಿ ಸೂಲಿಬೆಲೆಯ ರೈತರೊಬ್ಬರು ಏನು ಮಾಡಬೇಕು? ಮುಂಚಿತವಾಗಿ ಕಂಡುಹಿಡಿಯುವ ಆಟಕ್ಕಿಂತ, ಈಗಾಗಲೇ ಕಾಯಿಲೆ ಇರುವವರ ನಾಳೆಯ ಮಾತ್ರೆಯ ಹೊತ್ತನ್ನು ಸರಿಪಡಿಸುವ ಕೆಲಸ ಈ ನಾಲ್ಕು ತಾಲ್ಲೂಕುಗಳಿಗೆ ಹೆಚ್ಚು ತುರ್ತಿನದು.

ಹೊರದೇಶದ ಅಳತೆಗೋಲನ್ನು ಹಾಗೆಯೇ ತಂದು ಇಲ್ಲಿ ಹಿಡಿದರೆ ಏನಾಗಬಹುದು ಎಂಬುದಕ್ಕೆ ಬೆಂಗಳೂರಿನಲ್ಲೇ ಒಂದು ಪಾಠವಿದೆ. ಪಾರ್ಕಿನ್ಸನ್ಸ್ ಬರುವುದು ಮಿದುಳಿನ ಸಬ್‌ಸ್ಟಾನ್ಶಿಯಾ ನೈಗ್ರಾ ಎಂಬ ಕಪ್ಪು ಭಾಗದ ನರಕೋಶಗಳು ಸಾಯುವುದರಿಂದ. ವಯಸ್ಸಾದಂತೆ ಆರೋಗ್ಯವಂತರಲ್ಲೂ ಆ ಕೋಶಗಳು ಕಡಿಮೆಯಾಗುತ್ತವೆ ಎಂಬುದು ಪಾಶ್ಚಾತ್ಯ ಮಿದುಳುಗಳನ್ನು ಎಣಿಸಿ ಬಂದ ತಿಳಿವಳಿಕೆಯಾಗಿತ್ತು. ನಿಮ್ಹಾನ್ಸ್‌ನ ಉದಯ ಮುಥಾನೆ, ಟಿ.ಸಿ. ಯಶಾ, ಎಸ್.ಕೆ. ಶಂಕರ್ ಅವರು ಇಲ್ಲಿಯ ಆರೋಗ್ಯವಂತ ಮಿದುಳುಗಳನ್ನು ಎಣಿಸಿ 1998ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯೇ ಇತ್ತು. ಭಾರತೀಯರಲ್ಲಿ ಆ ಕೋಶಗಳ ಸಂಖ್ಯೆ ಬ್ರಿಟನ್ನಿನವರಿಗಿಂತ ಶೇಕಡಾ 40ರಷ್ಟು ಕಡಿಮೆ, ಆದರೆ ವಯಸ್ಸಿನೊಂದಿಗೆ ಅವು ಕುಸಿಯುತ್ತಿರಲಿಲ್ಲ. ಕಡಿಮೆ ಇದ್ದುದಕ್ಕೆ ಕಾಯಿಲೆ ಎಂದು ಹೆಸರಿಡುವಂತಿರಲಿಲ್ಲ, ಯಾಕೆಂದರೆ ಇಲ್ಲಿಯ ಸಹಜ ಸ್ಥಿತಿಯೇ ಅದು. ಮಿದುಳಿನೊಳಗಿನ ಎಣಿಕೆಯೇ ಇಷ್ಟು ಬೇರೆಯಾಗಬಹುದಾದರೆ, ನೆಲದ ಮೇಲೆ ಕೂತು ಏಳುವ, ಬರಿಗಾಲಲ್ಲಿ ಬದುವಿನ ಮೇಲೆ ನಡೆಯುವ ಜನರ ಸಹಜ ಚಲನೆಯನ್ನು ಮೆಲ್ಬರ್ನಿನಿಂದ ಎರವಲು ತರಲಾಗುತ್ತದೆಯೇ?

ಹಳ್ಳಿಗೆ ಹೋಗಿ ಎಣಿಸಿದ ಪರಂಪರೆಯೂ ಬೆಂಗಳೂರಿಗೆ ಇದೆ. ನಿಮ್ಹಾನ್ಸ್‌ನ ಎಂ. ಗೌರಿದೇವಿಯವರ ತಂಡ 1990ರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 1,02,557 ಜನರನ್ನು ಸಮೀಕ್ಷೆ ಮಾಡಿತು. ಅವರಲ್ಲಿ ಅರ್ಧದಷ್ಟು ನಗರದವರು, ಅರ್ಧದಷ್ಟು ಹಳ್ಳಿಯವರು. ನರಸಂಬಂಧಿ ಕಾಯಿಲೆಗಳು ನಗರದಲ್ಲಿ ಲಕ್ಷಕ್ಕೆ 2,190 ಮಂದಿಗೆ ಇದ್ದರೆ ಹಳ್ಳಿಗಳಲ್ಲಿ 4,070 ಮಂದಿಗೆ ಇದ್ದವು. ಕಾಯಿಲೆ ಹಳ್ಳಿಯಲ್ಲಿ ಹೆಚ್ಚು, ನರವೈದ್ಯರು ನಗರದಲ್ಲಿ. ಪಕ್ಕದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 10,000 ಹಳ್ಳಿಗರ ಗುರಿಯಿಟ್ಟುಕೊಂಡು ಮಿದುಳಿನ ಮುಪ್ಪನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ.  ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಶುರುಮಾಡಿದ ಮಿದುಳು ಆರೋಗ್ಯ ಕಾರ್ಯಕ್ರಮ ಮೊದಲು ಕಾಲಿಟ್ಟದ್ದು ಬೆಂಗಳೂರು ದಕ್ಷಿಣ, ಕೋಲಾರ, ಚಿಕ್ಕಬಳ್ಳಾಪುರಗಳಿಗೆ. ವೈದ್ಯರ ತಂಡಗಳು ಹಳ್ಳಿಯ ದಾರಿ ಹಿಡಿದು ಮೂವತ್ತು ವರ್ಷವಾಯಿತು. ಈಗ ಬರಬೇಕಾದವರು ನೀವು.

ಬಂದರೆ ಏನೇನು ಕಣ್ಣಿಗೆ ಬೀಳುತ್ತದೆ?

ಮೊದಲು ಚಾಪೆ. ವೈದ್ಯರ ಅಂಕಪಟ್ಟಿಯಲ್ಲಿ ಕೈ ಕಟ್ಟಿಕೊಂಡು ಕುರ್ಚಿಯಿಂದ ಏಳುವ ಪರೀಕ್ಷೆ ಇದೆ. ಇಲ್ಲಿಯ ಎಷ್ಟೋ ಮನೆಗಳಲ್ಲಿ ದಿನದ ದೊಡ್ಡ ಹೋರಾಟ ನೆಲದಿಂದ ಏಳುವುದು, ಅದಕ್ಕಿಂತ ದೊಡ್ಡದು ರಾತ್ರಿ ಚಾಪೆಯ ಮೇಲೆ ಮಗ್ಗುಲು ಬದಲಿಸುವುದು. ಮಲಗಿದ್ದಲ್ಲಿ ಹೊರಳಲಾಗದೆ ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಉಳಿಯುವ ನೋವನ್ನು ರೋಗಿಗಳು ಹೇಳಿಕೊಳ್ಳುವುದು ಕಡಿಮೆ, ಹೆಂಡತಿಯನ್ನು ಎಬ್ಬಿಸುವುದಕ್ಕೂ ಸಂಕೋಚ. ಒಂದು ರಾತ್ರಿಯಲ್ಲಿ ಎಷ್ಟು ಸಲ ಹೊರಳಿದರು, ಪ್ರತಿ ಹೊರಳಿಗೆ ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ತಿರುಗುವಿಕೆ ಅಳೆಯುವ ನಿಮ್ಮ ಚಿಪ್ಪು ಸದ್ದಿಲ್ಲದೆ ಹೇಳಬಲ್ಲದು. ರಾತ್ರಿ ಮಗ್ಗವೂ ನಿಂತಿರುತ್ತದೆ. ಇದೊಂದನ್ನೇ ಚೆನ್ನಾಗಿ ಮಾಡಿಕೊಟ್ಟರೂ ಉಪಕಾರ.

ಆಮೇಲೆ ಮುದ್ದೆ. ಲೆವೊಡೋಪಾ ಕರುಳಿನಿಂದ ರಕ್ತಕ್ಕೆ ಹೋಗುವ ಬಾಗಿಲಲ್ಲಿ ಪ್ರೋಟೀನಿನ ಅಂಶಗಳೊಂದಿಗೆ ನೂಕಾಡಬೇಕಾಗುತ್ತದೆ. ಅವರೆಕಾಳಿನ ಸಾರೋ ಹುರುಳಿ ಸಾರೋ ಜೊತೆಗಿಟ್ಟುಕೊಂಡು ಹೊಟ್ಟೆ ತುಂಬ ಉಂಡ ಮೇಲೆ ಮಾತ್ರೆ ನುಂಗಿದರೆ ಅದು ತಡವಾಗಿ ಹಿಡಿಯುತ್ತದೆ, ಕೆಲವೊಮ್ಮೆ ಹಿಡಿಯುವುದೇ ಇಲ್ಲ. ಸೊಗಡಿನ ಅವರೆಯ ಕಾಲದಲ್ಲಿ ಮನೆಮನೆಯಲ್ಲೂ ಅವರೆಯೇ. ಪಟ್ಟಿಯ ನಕ್ಷೆಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಬಿಗಿತ ಕಂಡರೆ ವೈದ್ಯರು ಮಾತ್ರೆ ಹೆಚ್ಚಿಸುವ ಮೊದಲು ಉಂಡ ಹೊತ್ತನ್ನು ಕೇಳಬೇಕು. ಆದ್ದರಿಂದ ನಿಮ್ಮ ಸಾಧನದಲ್ಲಿ ಮಾತ್ರೆಗೊಂದು ಗುಂಡಿ ಇದ್ದರೆ ಸಾಲದು, ಊಟಕ್ಕೂ ಒಂದು ಇರಲಿ. ಅಂದಹಾಗೆ ಮುದ್ದೆಯನ್ನು ಅಗಿಯದೆ ನುಂಗುವ ಸೀಮೆಯಿದು. ನುಂಗುವ ಸ್ನಾಯುಗಳೂ ನಿಧಾನವಾಗುವ ಕಾಯಿಲೆಯಲ್ಲಿ ಅದು ಅಪಾಯದ ತುತ್ತು. ಮಣಿಕಟ್ಟಿನ ಪಟ್ಟಿ ಇದನ್ನು ಕಾಣಲಾರದು. ಮಲಬದ್ಧತೆ, ಮನಸ್ಸಿನ ಕುಗ್ಗುವಿಕೆ, ವಾಸನೆ ತಿಳಿಯದಿರುವುದು ಕೂಡ ಅದರ ಕಣ್ಣಿಗೆ ಬೀಳುವುದಿಲ್ಲ. ಕಾಣದ್ದು ಯಾವುದೆಂದು ನಿಮ್ಮ ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದರೆ ಮನೆಯವರು ಮೋಸಹೋಗುವುದಿಲ್ಲ.

ಬೇಲಿಯ ಮೇಲೆ ಹಬ್ಬುವ ನಸುಗುನ್ನಿಯನ್ನೂ ಮರೆಯಬೇಡಿ. ಅದರ ಬೀಜದಲ್ಲಿ ಇರುವುದು ಲೆವೊಡೋಪಾವೇ. 1937ರಲ್ಲಿ ಮದ್ರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಬೇರ್ಪಡಿಸಿ ತೋರಿಸಿದ್ದರು. ಕಂಪವಾತಕ್ಕೆಂದು ನಸುಗುನ್ನಿ ಪುಡಿ ತೆಗೆದುಕೊಳ್ಳುವವರು ಅದನ್ನು ವೈದ್ಯರಿಗೆ ಹೇಳದೆ ಇರುವುದುಂಟು. ನಕ್ಷೆಯಲ್ಲಿ ಕಾರಣವಿಲ್ಲದೆ ಓಲಾಟ ಏರಿದರೆ ಬೈಯದೆ, ನಯವಾಗಿ ಕೇಳಬೇಕಾದ ಪ್ರಶ್ನೆ ಇದು.

ಬಳೆಗಳ ಬಗ್ಗೆ ನಿಮ್ಮ ಪ್ರಯೋಗಾಲಯದಲ್ಲಿ ಯಾರಾದರೂ ಯೋಚಿಸಿದ್ದಾರೆಯೇ? ಎರಡೂ ಕೈಗೆ ಗಾಜಿನ ಬಳೆ ತೊಟ್ಟ ಹೆಂಗಸರಿಗೆ ಪಟ್ಟಿ ಕಟ್ಟಲು ಜಾಗವೆಲ್ಲಿ? ಬಳೆ ತಾಗಿದಾಗೆಲ್ಲ ಚಿಪ್ಪಿಗೆ ಸಣ್ಣ ಏಟು ಬೀಳುತ್ತದೆ, ಅದೂ ಅಂಕಿಯಾಗುತ್ತದೆ. ಬಳೆ ತೆಗೆಯಿರಿ ಎಂದು ಹೇಳಿಕಳಿಸಿದರೆ ಅರ್ಧ ಹೆಂಗಸರು ನಿಮ್ಮ ಅಧ್ಯಯನದಿಂದ ಎದ್ದು ಹೋಗುತ್ತಾರೆ, ಹೋಗಬೇಕಾದ್ದೇ. ಮೊಣಕೈಯ ಕೆಳಗೆ ಕಟ್ಟುವ ಪಟ್ಟಿಯನ್ನೋ ಸೊಂಟಕ್ಕೆ ಸಿಕ್ಕಿಸುವಂಥದ್ದನ್ನೋ ಯೋಚಿಸುವುದು ನಿಮಗೆ ಬಿಟ್ಟದ್ದು. ಸಗಣಿ, ಸೋಪಿನ ನೀರು, ಹಿಪ್ಪುನೇರಳೆ ಸೊಪ್ಪಿನ ರಸ ಇವೆಲ್ಲ ತಾಗುವ ಕೈ ಅದು ಎಂಬುದೂ ಲೆಕ್ಕದಲ್ಲಿರಲಿ.

ನೆನಪಿಸುವ ಕಂಪನದ ಮಾತು ಇನ್ನೂ ಸರಳ. ಅದುರುವ ನೆಲದ ಮೇಲೆ ನಿಂತವರಿಗೆ ಮಣಿಕಟ್ಟಿನ ಗುಂಯ್‌ಗುಟ್ಟುವಿಕೆ ತಿಳಿಯುವುದಿಲ್ಲ, ಮಗ್ಗದ ಸದ್ದಿನಲ್ಲಿ ಬೀಪು ಕೇಳುವುದಿಲ್ಲ. ಮಿನುಗುವ ದೀಪವೊಂದನ್ನು ಇಡಿ.

ಮಗ್ಗದ ಅದುರನ್ನು ಕೈಯ ಅದುರಿನಿಂದ ಬಿಡಿಸುವುದು ಅಸಾಧ್ಯವೇನಲ್ಲ. ಯಂತ್ರದ ಬಡಿತ ಗಡಿಯಾರದಂತೆ ಕರಾರುವಾಕ್ಕು, ಕೈಯ ನಡುಕ ಕ್ಷಣಕ್ಷಣಕ್ಕೂ ಸ್ವಲ್ಪ ಹೆಚ್ಚುಕಡಿಮೆ ಆಗುತ್ತಿರುತ್ತದೆ. ಯಂತ್ರ ಇಡೀ ದೇಹವನ್ನು ಮೇಲೆ ಕೆಳಗೆ ಅದುರಿಸುತ್ತದೆ, ಕಾಯಿಲೆ ಮುಂಗೈಯನ್ನು ತಿರುಚುತ್ತದೆ. ಮಗ್ಗದ ಚೌಕಟ್ಟಿಗೆ ಎರಡನೇ ಚಿಪ್ಪೊಂದನ್ನು ಅಂಟಿಸಿದರೆ ಒಂದರಿಂದ ಇನ್ನೊಂದನ್ನು ಕಳೆಯಬಹುದು. ಇದನ್ನು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೆ ಕಳೆಯಬೇಕಾದ ಅಂಕಿ ಮೊದಲು ಕೈಯಲ್ಲಿರಬೇಕಲ್ಲ? ಆರೋಗ್ಯವಂತ ನೇಕಾರರು, ಬಿಚ್ಚಾಣಿಕೆದಾರರು, ದ್ರಾಕ್ಷಿ ತೋಟದ ಆಳುಗಳು, ಹಾಲು ಕರೆಯುವವರು, ಇವರೆಲ್ಲರ ಕೈಗೂ ಒಂದೊಂದು ವಾರ ಪಟ್ಟಿ ಕಟ್ಟಿ ಇಲ್ಲಿಯ ಸಹಜದ ನಕ್ಷೆ ಮಾಡದೆ ಕಾಯಿಲೆಯ ನಕ್ಷೆ ಮಾಡಲಾಗದು.

ಕೊನೆಗೆ ಭಾಷೆ. ನಿಮ್ಮ ವರದಿಗಳಲ್ಲಿ ಆನ್, ಆಫ್ ಎಂದಿರುತ್ತದೆ. ಮನೆಯವರಿಗೆ ಅದು ಸ್ವಿಚ್ಚಿನ ಮಾತು. "ಮಾತ್ರೆ ಹಿಡಿದಿದೆ", "ಮಾತ್ರೆ ಇಳಿದಿದೆ" ಎಂದು ಬರೆದರೆ ಓದು ಬಾರದ ಅಜ್ಜಿಗೂ ಮೊಮ್ಮಗಳು ಓದಿ ಹೇಳಬಹುದು. ಅಂಕಿಅಂಶದ ಒಂದು ಪ್ರತಿ ಮನೆಯಲ್ಲೇ ಉಳಿಯಲಿ, ಒಂದೇ ಪುಟ, ಬೆಳಗಿನಿಂದ ರಾತ್ರಿಯ ತನಕದ ಒಂದು ಗೆರೆ, ಮಾತ್ರೆಯ ಹೊತ್ತಿಗೆ ಚುಕ್ಕೆ. "ಮನೇಲಿ ಹಿಂಗಿರಲ್ಲ ಸಾರ್" ಎಂಬ ಮಾತಿಗೆ ಸೊಸೆಯ ಕೈಯಲ್ಲಿ ಆಗ ಪುರಾವೆ ಇರುತ್ತದೆ. ಒಪ್ಪಿಗೆ ಪತ್ರವೂ ಕನ್ನಡದಲ್ಲಿರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, ಮಾಹಿತಿ ಪಡೆಯುವ ಮುನ್ನ ಕೊಡುವ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶವನ್ನು ಜನರಿಗೆ ಕೊಡುತ್ತದೆ. ಒಬ್ಬ ಮನುಷ್ಯ ರಾತ್ರಿ ಎಷ್ಟು ಸಲ ಎದ್ದ, ಯಾವತ್ತು ಬಿದ್ದ, ಯಾವತ್ತು ಕೆಲಸಕ್ಕೆ ಹೋಗಲಿಲ್ಲ ಎಂಬುದೆಲ್ಲ ಆ ಚಿಪ್ಪಿನಲ್ಲಿರುತ್ತದೆ. ಕೂಲಿ ಕೊಡುವ ಮಾಲೀಕರಿಗೋ ವಿಮೆಯವರಿಗೋ ಅದು ಸೋರಿದರೆ ಕಾಯಿಲೆಗಿಂತ ಮೊದಲು ಕೆಲಸ ಹೋಗುತ್ತದೆ.

ಯಲಹಂಕ ದಾಟಿ ಹಿಂದೂಪುರದ ಕಡೆಗೆ ಹೋಗುವ ಪ್ಯಾಸೆಂಜರ್ ರೈಲು ದೊಡ್ಡಬಳ್ಳಾಪುರದಲ್ಲಿ ನಿಲ್ಲುತ್ತದೆ. ಒಂದು ಚೀಲದಷ್ಟು ಪಟ್ಟಿಗಳು, ಮಗ್ಗದ ಚೌಕಟ್ಟಿಗೆ ಅಂಟಿಸಲು ಒಂದೆರಡು ಚಿಪ್ಪು, ಕನ್ನಡದಲ್ಲಿ ಅಚ್ಚಾದ ಒಪ್ಪಿಗೆ ಪತ್ರ ಇಷ್ಟು ತಂದರೆ ಮೊದಲ ದಿನಕ್ಕೆ ಸಾಕು. ಹೊರಡುವ ಮೊದಲು ಅವತ್ತು ಕರೆಂಟು ಇರುತ್ತದೆಯೇ ಎಂದು ಫೋನು ಮಾಡಿ ಕೇಳಿಕೊಳ್ಳಿ. ಮಗ್ಗ ನಿಂತಿದ್ದರೆ ನೀವು ಅಳೆಯಲು ಬಂದ ಅದುರೇ ಇರುವುದಿಲ್ಲ.